ಕೋಳಿ ಇಲ್ಲದ ಆರೈಕೆಮನೆ

ಆ ಊರಿಗೆ ಹೋಗುವ ದಾರಿ ನನ್ನನ್ನು ಕೇಳಬೇಡಿ. ಹೊಳೆಯ ಈ ದಡದಲ್ಲಿ ನಿಂತರೆ ಸೇತುವೆ ಕಾಣುತ್ತದೆ, ಸೇತುವೆಯ ಆ ತುದಿಯಲ್ಲಿ ಊರು ಕಾಣುತ್ತದೆ, ಊರಿನ ನಡುವೆ ಸುಣ್ಣ ಬಳಿದ ಆರೈಕೆಮನೆ ಕಾಣುತ್ತದೆ. ಅಷ್ಟು ಸಾಕು. ಕಾಯಿಲೆ ಬಿದ್ದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಬಹಳ ಜನ ಗುಣವಾಗಿ ಮನೆಗೆ ಹೋಗುತ್ತಿದ್ದರು, ಕೆಲವರು ಹೋಗುತ್ತಿರಲಿಲ್ಲ. ಅದು ಎಲ್ಲ ಊರಲ್ಲೂ ಇದ್ದದ್ದೇ. ಆ ಊರಲ್ಲಿ ಮಾತ್ರ ಇದ್ದದ್ದು ಬೇರೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ಆ ಆರೈಕೆಮನೆಯಲ್ಲಿ ಯಾರಾದರೂ ತಪ್ಪು ಮಾಡಿದರೆ ಅವರ ಹಿಂದೆ ಒಂದು ಕೋಳಿ ಬರುತ್ತಿತ್ತು.

ಎಲ್ಲಿಂದ ಬರುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಒಬ್ಬರ ಮದ್ದು ಇನ್ನೊಬ್ಬರ ಬಾಯಿಗೆ ಹೋಯಿತೆನ್ನಿ, ತಿರುಗಿ ನೋಡುವಷ್ಟರಲ್ಲಿ ಹಿಮ್ಮಡಿಯ ಹತ್ತಿರ ಕೋಳಿ. ನೋಯುವ ಕಾಲು ಬಿಟ್ಟು ನೋಯದ ಕಾಲಿಗೆ ಪಟ್ಟಿ ಕಟ್ಟಿದರೆನ್ನಿ, ಕೋಳಿ. ನಡೆದರೆ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು, ಕೂತರೆ ಪಕ್ಕದಲ್ಲಿ ಕೂತು ಕೊಕ್ ಕೊಕ್ ಅನ್ನುತ್ತಿತ್ತು. ಅಟ್ಟಿದರೆ ಹೋಗುತ್ತಿರಲಿಲ್ಲ. ಕೊಯ್ದು ಸಾರು ಮಾಡಿದರೆ ಮರುದಿನ ಬೆಳಿಗ್ಗೆ ಮಸಾಲೆಯ ವಾಸನೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಿರುತ್ತಿತ್ತು.

ತಪ್ಪು ಇನ್ನೇನು ಆಗಿಯೇಬಿಡುತ್ತಿತ್ತು, ಕೊನೆ ಗಳಿಗೆಯಲ್ಲಿ ಕೈ ಹಿಂದಕ್ಕೆ ಬಂತು ಎನ್ನಿ. ಆಗ ಕೋಳಿ ಇಲ್ಲ. ಮಡಿಲಲ್ಲೋ ಜೇಬಿನಲ್ಲೋ ಬೆಚ್ಚಗಿನ ಒಂದು ಮೊಟ್ಟೆ ಇರುತ್ತಿತ್ತು, ಅಷ್ಟೆ.

ಇದಕ್ಕೆ ಊರಿನವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಯಾರ ಹಿಂದೆ ಕೋಳಿ ಕಾಣುತ್ತದೋ ಅವರು ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದಿಡಬೇಕು. ತಮಟೆಯವನು ಮುಂದೆ ತಮಟೆ ಬಡಿಯುತ್ತಾ ನಡೆಯಬೇಕು. ಅವನ ಹಿಂದೆ ಅವರು, ಅವರ ಹಿಂದೆ ಅವರ ಕೋಳಿ. ಹೀಗೆ ಸೇತುವೆ ದಾಟಬೇಕು, ಮತ್ತೆ ಊರೊಳಗೆ ಕಾಲಿಡಕೂಡದು.

ತಿಂಗಳಿಗೊಂದು ಬೆಳಿಗ್ಗೆ ಊರ ಯಜಮಾನರು ಆರೈಕೆಮನೆಗೆ ಬರುತ್ತಿದ್ದರು. ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಯಜಮಾನರು ಒಬ್ಬೊಬ್ಬರ ಬೆನ್ನ ಹಿಂದೆ ಹೋಗಿ ಬಗ್ಗಿ ನೋಡುತ್ತಿದ್ದರು. ಕೊನೆಗೆ ದೊಡ್ಡ ವೈದ್ಯರು ಕೈಯೆತ್ತಿ, "ಕೋಳಿ ಇಲ್ಲ" ಅನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ, "ಕೋಳಿ ಇಲ್ಲ, ಕೋಳಿ ಇಲ್ಲ, ನಮ್ಮಲ್ಲಿ ಕೋಳಿ ಇಲ್ಲ" ಅನ್ನುತ್ತಿದ್ದರು. ಯಜಮಾನರು ಮಜ್ಜಿಗೆ ಕುಡಿದು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು.

ಕೋಳಿ ಇರಲಿಲ್ಲವೇ? ಬೇಕಾದಷ್ಟಿದ್ದವು. ಬಟ್ಟೆಯ ಪೆಟ್ಟಿಗೆಯಲ್ಲಿ ಕೋಳಿ, ಒಗೆಯುವ ಬುಟ್ಟಿಯಲ್ಲಿ ಕೋಳಿ, ಅಕ್ಕಿಯ ಡಬ್ಬದಲ್ಲಿ ಕೋಳಿ. ಕೊಕ್ಕಿಗೆ ನೂಲು ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ಅದರ ಮೇಲೆ ತಾವೇ ಕೂತುಬಿಡುತ್ತಿದ್ದರು. ಗಂಜಿಯಲ್ಲಿ ಪುಕ್ಕ ಸಿಕ್ಕಿದ ರೋಗಿ, "ಇದೇನು?" ಎಂದು ಕೇಳಿದರೆ, "ದಿಂಬಿನದು" ಎಂಬ ಉತ್ತರ ಬರುತ್ತಿತ್ತು. ಆ ಊರಿನ ದಿಂಬಿಗೆಲ್ಲ ಬೂರುಗದ ಹತ್ತಿ ತುಂಬುತ್ತಿದ್ದದ್ದು. ಅದು ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು.

ಮೊಟ್ಟೆಗಳದ್ದು ಇನ್ನೂ ಫಜೀತಿ. ಅಡಗಿಸಿಟ್ಟ ಮೊಟ್ಟೆ ಇಪ್ಪತ್ತೊಂದನೇ ದಿನ ಒಡೆಯುತ್ತಿತ್ತು. ಆ ಮರಿ ಅದೇ ದಿನ ಕೋಳಿಯಾಗಿ, ಅಡಗಿಸಿಟ್ಟವರನ್ನು ಬಿಟ್ಟು, ಏನೂ ಅರಿಯದ ಬೇರೆ ಯಾರ ಹಿಂದೆಯೋ ಹೊರಡುತ್ತಿತ್ತು. ಇವತ್ತು ಒಬ್ಬರ ಕೈ ಕೊನೆ ಗಳಿಗೆಯಲ್ಲಿ ಹಿಂದಕ್ಕೆ ಬಂದರೆ, ಮೂರು ವಾರದ ಮೇಲೆ ಇನ್ನೊಬ್ಬರ ಕೈ ಹಿಂದಕ್ಕೆ ಬರುತ್ತಿರಲಿಲ್ಲ. ಹೀಗೇಕೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದರೆ ತನ್ನ ಮೊಟ್ಟೆಯ ಸುದ್ದಿ ಮೊದಲು ತೆಗೆಯಬೇಕಲ್ಲ.

ಈಗ ಮದ್ದು ಅರೆಯುವವಳ ವಿಷಯಕ್ಕೆ ಬರುತ್ತೇನೆ.

ಆರೈಕೆಮನೆಯಲ್ಲಿ ಮದ್ದಿನ ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು. ಒಬ್ಬಳು ಅರೆಯುವವಳು, ಒಬ್ಬಳು ಕೊಡುವವಳು. ಅವರಿಗೆ ಬಿಡುವಿಲ್ಲದಾಗ ಹತ್ತಿರ ಇದ್ದವರು ಯಾರಾದರೂ ಮದ್ದು ತೆಗೆದು ಕೊಡುತ್ತಿದ್ದರು. ಹಿಂದಿನ ವರ್ಷ ಕೊಡುವವಳ ಹಿಂದೆ ಕೋಳಿ ಕಂಡಿತ್ತು. ಮರೆಮಾಡಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ, ಪಾಪ, ಯಜಮಾನರು ಆಗಲೇ ಅಂಗಳದಲ್ಲಿದ್ದರು. ತಮಟೆ ಬಡಿದರು, ಸೇತುವೆ ದಾಟಿಸಿದರು. ತಪ್ಪನ್ನೇ ಹೊಳೆಯಾಚೆ ಕಳಿಸಿದೆವು ಎಂದು ಊರು ನೆಮ್ಮದಿಯಾಗಿ ಉಂಡು ಮಲಗಿತು. ಎಂಟು ದಿನ ಕಳೆಯುವಷ್ಟರಲ್ಲಿ ಅದೇ ತಪ್ಪನ್ನು ಗಂಜಿ ಬೇಯಿಸುವವನು ಮಾಡಿದ. ಅವನಿಗೆ ಅಕ್ಕಿ ಡಬ್ಬ ಹತ್ತಿರದಲ್ಲೇ ಇತ್ತು, ಬಚಾವಾದ.

ಅರೆಯುವವಳಿಗೆ ಗೆಳತಿಯ ನೆನಪು ಹೋಗಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ಚಾಪೆ ಹೆಣೆಯುತ್ತಾ ಕೂತ ಆಕೃತಿಯೊಂದು ಮದ್ದಿನ ಕೋಣೆಯ ಕಿಟಕಿಯಿಂದ ಸಣ್ಣಗೆ ಕಾಣುತ್ತಿತ್ತು. ದಿನವೂ ಅರೆಯುವ ಮುಂಚೆ ಒಮ್ಮೆ ಅತ್ತ ನೋಡುತ್ತಿದ್ದಳು. ಅವಳು ಹೋದ ಮೇಲೆ ಒಂದು ದಿನ ಅರೆಯುವುದು, ಒಂದು ದಿನ ಕೊಡುವುದು, ಎರಡೂ ಇವಳ ಪಾಲಿಗೇ ಬಂದಿತ್ತು.

ಮದ್ದಿನ ಹಲಗೆಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅರೆಯುವ ಕೋಣೆಗೂ ಕೊಡುವ ಕೋಣೆಗೂ ನಡುವೆ ಒಂದು ಗೋಡೆ. ಆ ಗೋಡೆಯನ್ನು ಆರಪಾರ ಕೊರೆದು ಹಲಗೆ ಕೂರಿಸಿದ್ದರು. ಅರೆದವರು ಈ ಕಡೆಯಿಂದ ಇಡಬೇಕು, ಕೊಡುವವರು ಆ ಕಡೆಯಿಂದ ತೆಗೆಯಬೇಕು. ಹಲಗೆಯ ಮೇಲೆ ಎರಡು ಭರಣಿ. ಒಂದರಲ್ಲಿ ಜ್ವರದ ಮದ್ದು, ಒಂದರಲ್ಲಿ ನಿದ್ದೆಯ ಮದ್ದು. ಒಂದೇ ಕುಂಬಾರನ ಕೈಯ ಒಂದೇ ಅಳತೆಯ ಭರಣಿಗಳು, ಎರಡರ ಬಾಯಿಗೂ ಬಿಳಿ ಬಟ್ಟೆ. ಎಲ್ಲ ಬೆಳ್ಳಗಿದ್ದರೆ ಎಲ್ಲ ಶುದ್ಧ ಎಂದು ದೊಡ್ಡ ವೈದ್ಯರ ಅಜ್ಜನವರು ಹೇಳಿಹೋಗಿದ್ದರು. ಈ ಕಡೆ ನಿಂತರೆ ಜ್ವರದ ಮದ್ದು ಎಡಗೈಗೆ. ಆ ಕಡೆ ನಿಂತರೆ ಅದೇ ಭರಣಿ ಬಲಗೈಗೆ. ನಿನ್ನೆ ಈ ಕಡೆ ಅರೆದವರು ಇವತ್ತು ಆ ಕಡೆ ಕೊಡಲು ನಿಂತರೆ, ತಲೆಗೆ ಇವತ್ತು ಎಂದು ಗೊತ್ತಿದ್ದರೂ ಕೈಗೆ ಇನ್ನೂ ನಿನ್ನೆಯೇ.

ಯಜಮಾನರು ಬರುವ ಒಂದು ಬೆಳಿಗ್ಗೆ ತಮಟೆಯವನಿಗೇ ಜ್ವರ. ಏಳನೇ ಮಂಚದಲ್ಲಿ ಮಲಗಿದ್ದ. ಅರೆಯುವವಳು ಕೊಡುವ ಕಡೆ ನಿಂತಿದ್ದಳು. ಅಂಗಳ ಗುಡಿಸಬೇಕು, ವಸ್ತ್ರ ಮಡಿಸಬೇಕು, ಸಾಲಿಗೆ ನಿಲ್ಲಬೇಕು, ಎಲ್ಲರಿಗೂ ಅವಸರ. ಕೈ ಎಡಕ್ಕೆ ಹೋಯಿತು. ಭರಣಿ ಎತ್ತಿದಳು, ಬಟ್ಟಲಿಗೆ ಬಗ್ಗಿಸಿದಳು, ತಮಟೆಯವನಿಗೆ ಕುಡಿಸಿದಳು.

ಹಿಂದೆ ಕೊಕ್ ಎಂದಿತು.

ತಿರುಗಿ ನೋಡಿದಳು. ಬೂದು ಬಣ್ಣದ ಮೈ, ಬೆಳ್ಳನೆಯ ಕತ್ತು, ದುಂಡಗಿನ ಹೇಂಟೆ. ಅವಳನ್ನೇ ನೋಡುತ್ತಿತ್ತು. ಸೊಪ್ಪಿನ ಬುಟ್ಟಿಯೊಳಗೆ ಕೋಳಿಯನ್ನು ತುರುಕಿ, ಮೇಲೊಂದು ಬಟ್ಟೆ ಎಳೆದು, ಬುಟ್ಟಿ ಹಿಡಿದುಕೊಂಡೇ ಸಾಲಿನಲ್ಲಿ ಹೋಗಿ ನಿಂತಳು.

ಯಜಮಾನರು ಬಂದರು, ಬಗ್ಗಿ ನೋಡಿದರು. ದೊಡ್ಡ ವೈದ್ಯರು ಕೈಯೆತ್ತಿದರು. ದೊಡ್ಡ ವೈದ್ಯರು ತಲೆಗೆ ಸುತ್ತುವ ರುಮಾಲು ಬಹಳ ದೊಡ್ಡದು, ಊರಲ್ಲಿ ಅಂಥ ರುಮಾಲು ಇನ್ನೊಂದಿರಲಿಲ್ಲ. ಅಷ್ಟು ದೊಡ್ಡ ವಿದ್ಯೆಗೆ ಅಷ್ಟು ದೊಡ್ಡ ರುಮಾಲು ಬೇಕು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. "ಕೋಳಿ ಇಲ್ಲ" ಅಂದರು ವೈದ್ಯರು. "ಕೋಳಿ ಇಲ್ಲ, ಕೋಳಿ ಇಲ್ಲ" ಅಂದರು ಎಲ್ಲರೂ. ಅರೆಯುವವಳ ತುಟಿ ಅಲ್ಲಾಡಿತು, ಸ್ವರ ಬರಲಿಲ್ಲ.

ಮಜ್ಜಿಗೆ ಬರುವಷ್ಟರಲ್ಲಿ ಒಳಗಿಂದ ಗಂಜಿ ಬೇಯಿಸುವವನು ಓಡಿಬಂದ. "ದೊಡ್ಡೋರೇ, ತಮಟೆಯೋನು ಎಬ್ಬಿಸಿದ್ರೂ ಏಳ್ತಾ ಇಲ್ಲ. ಕಣ್ಣು ಬಿಡಿಸಿದ್ರೂ ಬಿಡ್ತಿಲ್ಲ."

ದೊಡ್ಡ ವೈದ್ಯರು ಹೋಗಿ ಕೈ ಹಿಡಿದು ನೋಡಿದರು. "ಜ್ವರ ನೆತ್ತಿಗೇರಿದೆ. ಜ್ವರದ ಮದ್ದು ಎರಡು ಬಟ್ಟಲು ತನ್ನಿ, ನಾನೇ ಕುಡಿಸ್ತೀನಿ."

ನಿದ್ದೆಯ ಮದ್ದು ಕುಡಿದವನ ಹೊಟ್ಟೆಗೆ ಜ್ವರದ ಮದ್ದು ಬಿದ್ದರೆ ಆ ನಿದ್ದೆಗೆ ಬೆಳಗಾಗುವುದಿಲ್ಲ. ಇದು ವೈದ್ಯರಿಗೂ ಗೊತ್ತು. ಆದರೆ ಅವನು ಕುಡಿದದ್ದು ಏನೆಂದು ಗೊತ್ತಿದ್ದವಳು ಅವಳೊಬ್ಬಳೇ. ಅವಳು ಬಾಗಿಲಲ್ಲಿ ನಿಂತಿದ್ದಳು. ಒಂದು ಕಡೆ ಕಿಟಕಿ, ಕಿಟಕಿಯಾಚೆ ಸೇತುವೆ, ಅದರ ತುದಿಯಲ್ಲಿ ಚಾಪೆ ಹೆಣೆಯುವ ಗೆಳತಿ. ಇನ್ನೊಂದು ಕಡೆ ಏಳನೇ ಮಂಚ. ಸುಮ್ಮನಿದ್ದರೆ ಇವಳ ಮನೆ ಇವಳಿಗೆ, ಒಲೆ ಇವಳಿಗೆ, ತಾಯಿಯ ಕಾಲದ ಅರೆಯುವ ಕಲ್ಲು ಇವಳಿಗೆ. ಬಾಯಿ ಬಿಟ್ಟರೆ ಏಳನೇ ಮಂಚದವನ ಉಸಿರು ಅವನಿಗೆ. ಹೆದರಿಕೆಯಾಯಿತು. ಬಹಳ ಹೆದರಿಕೆಯಾಯಿತು. ವೈದ್ಯರು ಬಟ್ಟಲು ಎತ್ತಿದರು.

ಅರೆಯುವವಳು ಬುಟ್ಟಿಯ ಬಟ್ಟೆ ತೆಗೆದಳು.

ಕೋಳಿ ಕೆಳಗಿಳಿದು ಮೈ ಕೊಡವಿತು. "ಕುಡಿಸಬೇಡಿ ದೊಡ್ಡೋರೇ," ಅಂದಳು. "ಅವನು ಕುಡಿದಿರೋದು ನಿದ್ದೆ ಮದ್ದು. ಕೊಟ್ಟೋಳು ನಾನು. ಇದು ನನ್ನ ಕೋಳಿ."

ದೊಡ್ಡ ವೈದ್ಯರ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

ಯಜಮಾನರಿಗೆ ಬಹಳ ಬೇಸರವಾಯಿತು. "ಏನಮ್ಮಾ ಇದು, ಮಜ್ಜಿಗೆ ಕುಡಿಯೋ ಹೊತ್ತಲ್ಲಿ," ಅಂದರು. "ಕಟ್ಟಳೆ ಅಂದ್ರೆ ಕಟ್ಟಳೆ. ವಸ್ತ್ರ ತೆಗೆದಿಡು. ಕರೀರಿ ತಮಟೆಯೋನ್ನ."

ಎಲ್ಲರೂ ಏಳನೇ ಮಂಚದ ಕಡೆ ನೋಡಿದರು. ತಮಟೆಯವನು ಗೊರಕೆ ಹೊಡೆಯುತ್ತಿದ್ದ.

"ತಮಟೆ ಇಲ್ಲದೆ ದಾಟಿಸೋ ಹಾಗಿಲ್ಲ," ಅಂದರು ಯಜಮಾನರು, ಗಲ್ಲ ಕೆರೆಯುತ್ತಾ.

"ಹಾಗಾದ್ರೆ ಮೊದಲು ಅವನನ್ನ ಎಬ್ಬಿಸೋಣ, ಆಮೇಲೆ ನನ್ನ ಕಳಿಸಿ," ಅಂದಳು ಅರೆಯುವವಳು. ಭಯವೆಲ್ಲ ಬಾಯಿಂದಲೇ ಹೊರಗೆ ಹೋಗಿತ್ತೋ ಏನೋ, ಈಗ ಅವಳ ಸ್ವರ ಗಟ್ಟಿಯಾಗಿತ್ತು. "ತುಟಿಗೆ ಶುಂಠಿ ಮೆಣಸು ಹಚ್ಚಿ. ಮಲಗೋಕೆ ಬಿಡಬೇಡಿ, ಎತ್ತಿ ಕೂರಿಸಿ. ಕಿವಿ ಹತ್ರ ಸದ್ದು ಮಾತ್ರ ನಿಲ್ಲಬಾರದು. ಒಂದು ಜಾವ ನಿಲ್ಲಬಾರದು."

ಶುಂಠಿ ಬಂತು, ಮೆಣಸು ಬಂತು. ಸದ್ದು ಎಲ್ಲಿಂದ ತರುವುದು? ಊರಲ್ಲಿ ಸದ್ದು ಮಾಡುವವನೇ ಮಲಗಿದ್ದಾನೆ. ಗಂಜಿ ಬೇಯಿಸುವವನು ಪಾತ್ರೆ ಬಡಿದ, ಐದು ನಿಮಿಷಕ್ಕೆ ಸುಸ್ತಾದ. ಯಜಮಾನರು ಕೆಮ್ಮಿದರು, ಅದೂ ಸಾಲಲಿಲ್ಲ.

ಆಗ ಮೂಲೆಯಲ್ಲಿ ನಿಂತಿದ್ದ ಕಸ ಗುಡಿಸುವ ಅಜ್ಜಿ ಪೊರಕೆ ಗೋಡೆಗೆ ಒರಗಿಸಿದಳು. ಮೂವತ್ತು ವರ್ಷದಿಂದ ಆರೈಕೆಮನೆಯ ಪುಕ್ಕವನ್ನೆಲ್ಲ ಗುಡಿಸಿದವಳು ಅವಳೇ. "ಸದ್ದಿಗೇನ್ರಪ್ಪಾ ಬರ?" ಅಂದಳು. "ನಿಮ್ಮ ನಿಮ್ಮ ಪೆಟ್ಟಿಗೆ ತೆಗೀರಿ."

ಎಲ್ಲರೂ ತಮ್ಮ ತಮ್ಮ ಹೆಬ್ಬೆರಳು ನೋಡುತ್ತಾ ನಿಂತರು. ಅರೆಯುವವಳ ಕೋಳಿ ಒಂದೇ ಸಮನೆ ತಮಟೆಯವನ ಕಿವಿಯ ಹತ್ತಿರ ಕೊಕ್ ಕೊಕ್ ಅನ್ನುತ್ತಿತ್ತು. ಪಾಪದ ಒಂದು ಕೋಳಿ ಎಷ್ಟೆಂದು ಕೂಗೀತು. ಆಗ ಗಂಜಿ ಬೇಯಿಸುವವನು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದ, ಅಕ್ಕಿ ಡಬ್ಬದ ಮುಚ್ಚಳ ತೆಗೆದ, ಕೊಕ್ಕಿನ ನೂಲು ಬಿಚ್ಚಿದ. ಎರಡು ಕೋಳಿ. ಪಟ್ಟಿ ಕಟ್ಟುವವನು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದ. ಐದು ಕೋಳಿ. ಬಟ್ಟೆ ಒಗೆಯುವವಳು, ಬಾಗಿಲು ಕಾಯುವವನು, ಬಾಣಂತಿಯರನ್ನು ನೋಡಿಕೊಳ್ಳುವವಳು, ಒಬ್ಬೊಬ್ಬರೇ ಹೋದರು, ಒಬ್ಬೊಬ್ಬರೇ ತಂದರು. ಹತ್ತು, ಇಪ್ಪತ್ತು, ನಲವತ್ತು. ವರ್ಷಗಟ್ಟಲೆ ಬಾಯಿ ಕಟ್ಟಿಸಿಕೊಂಡಿದ್ದ ಕೋಳಿಗಳು, ಸುಮ್ಮನಿದ್ದಾವೇ? ಆರೈಕೆಮನೆಯ ಹೆಂಚು ಹಾರಿಹೋಗುವ ಹಾಗೆ ಕೂಗಿದವು.

ಕೊನೆಗೆ ದೊಡ್ಡ ವೈದ್ಯರೊಬ್ಬರೇ ಉಳಿದರು. ಅವರು ರುಮಾಲಿನ ಒಂದು ಸುತ್ತು ಬಿಚ್ಚಿದರು. ಇನ್ನೊಂದು ಸುತ್ತು ಬಿಚ್ಚಿದರು. ಏಳು ಸುತ್ತು ಬಿಚ್ಚಿದ ಮೇಲೆ, ಬೋಳಾದ ನೆತ್ತಿಯ ಮೇಲೆ ಕಾಲು ಮಡಚಿ ಕೂತ ಒಂದು ಮುದಿ ಕೋಳಿ ಕಣ್ಣು ಪಿಳುಕಿಸಿತು.

"ಇಪ್ಪತ್ತೆರಡು ವರ್ಷ ಆಯ್ತು," ಅಂದರು ವೈದ್ಯರು. ಅವರ ಕಣ್ಣಲ್ಲಿ ನೀರಿತ್ತು. "ಅದೇ ಹಲಗೆ, ಅದೇ ಭರಣಿ. ಹೋದ ವರ್ಷ ಆ ಹೆಣ್ಣುಮಗಳನ್ನ ಸೇತುವೆ ದಾಟಿಸಿದಾಗ ಇದು ನನ್ನ ತಲೆ ಮೇಲೇ ಕೂತಿತ್ತು. ನಾನೇ 'ಕೋಳಿ ಇಲ್ಲ' ಅಂದೆ."

ಅವರನ್ನು ಅನ್ನುವುದಕ್ಕೆ ಬಾಯಿ ಯಾರಿಗಿತ್ತು? ಮುದಿ ಕೋಳಿ ಕೆಳಗಿಳಿದು ಉಳಿದವುಗಳ ಜೊತೆ ಸೇರಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಏಳನೇ ಮಂಚದವನು ಕಣ್ಣು ಬಿಟ್ಟ. ಸುತ್ತ ನೋಡಿದ. "ಯಾರ ಮನೆ ಮದುವೆ ಇದು?" ಅಂದ. "ನನ್ನ ಕರೀದೇನೇ ವಾದ್ಯ ಇಟ್ಕೊಂಡಿದೀರಿ."

ಗಂಜಿ ಬೇಯಿಸುವವನು ನಗುತ್ತಾ ಅತ್ತ, ಅಳುತ್ತಾ ನಕ್ಕ. ಯಜಮಾನರು ಮಾತ್ರ ಕಟ್ಟಳೆ ಬಿಡಲಿಲ್ಲ. ಆದದ್ದನ್ನೆಲ್ಲ ತಮಟೆಯವನಿಗೆ ಹೇಳಿ, "ತಮಟೆ ತಗೋ," ಅಂದರು.

"ಎಷ್ಟು ಜನಕ್ಕೆ ಬಡೀಲಿ ಯಜಮಾನ್ರೇ?"

ಯಜಮಾನರು ಎಣಿಸಿದರು. ಎಲ್ಲರ ಹಿಂದೆಯೂ ಕೋಳಿ ಇತ್ತು. "ಎಲ್ಲರಿಗೂ," ಅಂದರು, ಸ್ವಲ್ಪ ಸಣ್ಣ ಸ್ವರದಲ್ಲಿ.

"ಎಲ್ಲರನ್ನೂ ದಾಟಿಸಿಬಿಟ್ರೆ ನನ್ನ ಜ್ವರ ಯಾರು ಬಿಡಿಸ್ತಾರೆ, ನೀವಾ?" ತಮಟೆಯವನು ಅರೆಯುವವಳ ಕಡೆ ತಿರುಗಿದ. "ತಪ್ಪು ಮದ್ದು ಕೊಟ್ಟೋಳು ನೀನೇನಕ್ಕಾ?"

"ನಾನೇ."

"ಕೊಟ್ಟೆ ಅಂತ ಹೇಳಿದೋಳೂ ನೀನೇನಾ?"

"ನಾನೇ."

"ಕೊಟ್ಟಿದ್ದಕ್ಕೆ ಬೈತೀನಿ, ಚೆನ್ನಾಗಿ ಬೈತೀನಿ, ಗುಣ ಆದ ಮೇಲೆ. ಹೇಳಿದ್ದಕ್ಕೆ ಈಗಲೇ ಕೈ ಮುಗೀತೀನಿ. ಒಂಚೂರು ನೀರು ಕೊಡು."

ಅವಳು ನೀರು ಕೊಟ್ಟಳು. ಕೊಡುವ ಮುಂಚೆ ತಾನೇ ಒಂದು ಗುಟುಕು ಕುಡಿದು ನೋಡಿದಳು. ಅದು ನೀರೇ ಆಗಿತ್ತು.

ಅಷ್ಟರಲ್ಲಿ ಕಸ ಗುಡಿಸುವ ಅಜ್ಜಿ ಯಜಮಾನರ ತೋಳು ಜಗ್ಗಿದಳು. "ಕೋಳಿಗಳನ್ನ ಒಂದು ಸಲ ನೋಡಿ. ಇಷ್ಟು ವರ್ಷ ಬೆನ್ನ ಹಿಂದೆ ನೋಡಿದ್ರಲ್ಲ, ಈಗ ಎದುರಿಗೆ ನೋಡಿ."

ನಲವತ್ತಮೂರು ಕೋಳಿ. ಒಂದೆರಡು ಕೆಂಪು, ಒಂದೆರಡು ಕಪ್ಪು, ಒಂದಕ್ಕೆ ಜುಟ್ಟು. ಉಳಿದ ಮೂವತ್ತೆಂಟು ಬೂದು ಮೈ, ಬೆಳ್ಳನೆಯ ಕತ್ತು. ಒಂದೇ ತಾಯಿಯ ಮಕ್ಕಳ ಹಾಗೆ. ಆ ಮೂವತ್ತೆಂಟೂ ಸಾಲಾಗಿ ನಡೆದುಹೋಗಿ ಮದ್ದಿನ ಹಲಗೆಯ ಕೆಳಗೆ ಕೂತುಬಿಟ್ಟವು, ಅರ್ಧ ಗೋಡೆಯ ಈ ಕಡೆ, ಅರ್ಧ ಆ ಕಡೆ.

"ಕೈ ಬೇರೆ ಬೇರೆ," ಅಂದಳು ಅಜ್ಜಿ. "ಕೋಳಿ ಒಂದೇ. ನೀವು ಕೈಗಳನ್ನ ದಾಟಿಸ್ತಾ ಬಂದ್ರಿ. ಹಲಗೆ ಇಲ್ಲೇ ಇದೆ."

ಯಜಮಾನರು ಹಲಗೆಯ ಈ ಕಡೆ ನಿಂತು ಎಡಗೈ ಚಾಚಿದರು. ಸುತ್ತು ಹಾಕಿ ಆ ಕಡೆ ಹೋಗಿ ನಿಂತು ಎಡಗೈ ಚಾಚಿದರು. ಮತ್ತೆ ಈ ಕಡೆ ಬಂದರು. ಮೂರು ಸಲ ಹೀಗೆ ಓಡಾಡಿದ ಮೇಲೆ ಅವರ ಅಂಗಿಯ ಜೇಬು ಭಾರವಾಯಿತು. ಕೈ ಹಾಕಿ ನೋಡಿದರೆ ಬೆಚ್ಚಗಿನ ಮೊಟ್ಟೆ. ಅವರು ಯಾರ ಕಡೆಗೂ ನೋಡದೆ ಅದನ್ನು ಹಲಗೆಯ ಮೇಲಿಟ್ಟರು. ಆಮೇಲೆ ಕಟ್ಟಳೆಯ ಮಾತು ಎತ್ತಲಿಲ್ಲ.

ಅದೇ ದಿನ ಬಡಗಿ ಬಂದು ಗೋಡೆಯ ಕಂಡಿಯನ್ನು ಒಂದು ಕಡೆ ಮುಚ್ಚಿದ, ಇನ್ನು ಇಡುವವರೂ ತೆಗೆಯುವವರೂ ಒಂದೇ ಕಡೆಯಿಂದ. ಕುಂಬಾರ ನಿದ್ದೆಯ ಮದ್ದಿಗೆಂದು ಮೈತುಂಬ ಮುಳ್ಳುಮುಳ್ಳಾದ ಹೊಸ ಭರಣಿ ಮಾಡಿಕೊಟ್ಟ. ಅದರ ಬಾಯಿಗೆ ಕರಿ ಕಂಬಳಿಯ ತುಂಡು ಕಟ್ಟಿದರು. ಕಣ್ಣು ಮುಚ್ಚಿ ಮುಟ್ಟಿದರೂ ಕೈಗೆ ಗೊತ್ತಾಗಬೇಕು. ಮದ್ದು ಕೊಡುವವರು ಮಂಚದ ಬಳಿ ನಿಂತು, ಯಾರಿಗೆ, ಏನು, ಏಕೆ ಎಂದು ಜೋರಾಗಿ ಹೇಳಬೇಕು. ಮಲಗಿದವರು ಹೌದು ಅನ್ನಬೇಕು. ಹೌದು ಅನ್ನದೆ ಬಾಯಿ ತೆರೆಯಬಾರದು. ಅಷ್ಟಾದ ಮೇಲೆ ಮೂವತ್ತೆಂಟು ಕೋಳಿಗಳು ಎದ್ದು, ಅಂಗಳ ದಾಟಿ, ಬಾಗಿಲಾಚೆ ಹೋಗಿ ಕಾಣದಾದವು. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಅವು ಹೋಗಿರಲಿಲ್ಲ ನೋಡಿ, ಬಡಗಿ ಕೊನೆಯ ಮೊಳೆ ಹೊಡೆಯುವವರೆಗೂ ಕಾದಿದ್ದವು.

ಮರುದಿನ ಯಜಮಾನರು ತಾವೇ ಸೇತುವೆ ದಾಟಿ, ಚಾಪೆ ಹೆಣೆಯುತ್ತಿದ್ದವಳ ಮುಂದೆ ನಿಂತು, "ಬಾರಮ್ಮಾ, ನಮ್ಮಿಂದ ತಪ್ಪಾಯ್ತು," ಅಂದರು. ಆ ಮಾತು ಮುಗಿಯುವಷ್ಟರಲ್ಲಿ ಅವರ ಹಿಂದೆಯೇ ಬಂದಿದ್ದ ಕೋಳಿಯೊಂದು ಪುರ್ರನೆ ಹಾರಿಹೋಯಿತು.

ಅಂದಿನಿಂದ ಆರೈಕೆಮನೆಯ ಅಂಗಳದಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಬುಟ್ಟಿ ಇಡುವ ಪದ್ಧತಿ ಬಂತು. ಎಲ್ಲರೂ ಸುತ್ತ ಕೂರುತ್ತಾರೆ. ನಿನ್ನೆ ಯಾರ ಕೈ ಎಲ್ಲಿಗೆ ಹೋಗಿ ಹಿಂದಕ್ಕೆ ಬಂತೋ ಅವರು ಮೊಟ್ಟೆ ತೆಗೆದು ಬುಟ್ಟಿಯಲ್ಲಿಟ್ಟು ಹೇಳುತ್ತಾರೆ. ಯಾರೂ ನಗುವುದಿಲ್ಲ ಅಂದರೆ ಸುಳ್ಳಾದೀತು, ನಗುತ್ತಾರೆ, ಹೇಳಿದವರೂ ನಗುತ್ತಾರೆ. ಆಮೇಲೆ ಬಡಗಿಯನ್ನೋ ಕುಂಬಾರನನ್ನೋ ಕರೆಸಬೇಕೇ ಎಂದು ಯೋಚಿಸುತ್ತಾರೆ. ಹೇಳಿಕೊಂಡ ಮೊಟ್ಟೆ ಒಡೆದು ಮರಿಯಾಗುವುದಿಲ್ಲ. ಅದನ್ನು ಬೇಯಿಸಿ, ಉಪ್ಪು ಮೆಣಸು ಉದುರಿಸಿ, ರೋಗಿಗಳಿಗೆ ಕೊಡುತ್ತಾರೆ. ತಿನ್ನದವರು ಪಕ್ಕದ ಮಂಚಕ್ಕೆ ದಾಟಿಸುತ್ತಾರೆ. ಕೋಳಿಗಳೂ ಆಗೊಮ್ಮೆ ಈಗೊಮ್ಮೆ ಬರುತ್ತವೆ, ಇಲ್ಲವೆನ್ನುವುದಿಲ್ಲ. ಬಂದರೆ ಮೊದಲು ರೋಗಿಯ ಮುಂದೆ, ಆಮೇಲೆ ಎಲ್ಲರ ಮುಂದೆ ಅದರ ಕಥೆ ಹೇಳುತ್ತಾರೆ. ತಮಟೆಯವನು ಮಾತು ಉಳಿಸಿಕೊಂಡ, ಗುಣವಾದ ಮೇಲೆ ಬಂದು ಅರೆಯುವವಳನ್ನು ಕಾಲು ಗಂಟೆ ಬೈದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಮಜ್ಜಿಗೆ ಕುಡಿದರು. ಈಗ ಬುಟ್ಟಿ ಅಡುಗೆಮನೆಗೆ ಹೊರಟಾಗ ತಮಟೆ ಬಡಿಯುವುದು ಅವನ ಕೆಲಸ.

ಕೊಡುವವಳು ವಾಪಸು ಬಂದಳು, ಬಿಳಿ ವಸ್ತ್ರ ಹಾಕಿಕೊಂಡಳು, ಕೆಲಸಕ್ಕೆ ನಿಂತಳು. ಆದರೆ ಬುಟ್ಟಿಯ ಸುತ್ತ ಕೂತಾಗ ಅವಳ ಮಡಿಲು ಯಾವಾಗಲೂ ಖಾಲಿ. "ನನ್ನ ಹತ್ರ ಏನೂ ಇಲ್ಲ," ಅನ್ನುತ್ತಿದ್ದಳು. ಅರೆಯುವವಳು ಒತ್ತಾಯ ಮಾಡುತ್ತಿರಲಿಲ್ಲ. ತಮಟೆ ಕೇಳಿದಾಗಲೆಲ್ಲ ಗೆಳತಿ ಸೇತುವೆಯ ಕಡೆ ತಿರುಗುವುದನ್ನು ಅವಳು ನೋಡಿದ್ದಳು.

ಹಾಗೇ ಮೂರು ತಿಂಗಳು ಕಳೆದು ಒಂದು ಬೆಳಿಗ್ಗೆ ಬುಟ್ಟಿ ಸುತ್ತು ಬಂದು ಖಾಲಿಯಾಗಿಯೇ ನಿಂತಿತು. ಒಂದೂ ಮೊಟ್ಟೆ ಇಲ್ಲ.

ಮೊದಲಾಗಿದ್ದರೆ ಯಜಮಾನರು ಮಜ್ಜಿಗೆ ಕೇಳುತ್ತಿದ್ದರು. ಈಗ ಅವರೂ ಕಕ್ಕಾಬಿಕ್ಕಿಯಾಗಿ ಕೂತರು. ದೊಡ್ಡ ವೈದ್ಯರು ಬೋಳು ತಲೆ ಸವರಿಕೊಂಡರು. ಒಳಗಿನ ಮಂಚಗಳಿಂದ, "ಇವತ್ತು ಮೊಟ್ಟೆ ಇಲ್ವೇನ್ರೀ?" ಎಂದು ಯಾರೋ ಕೂಗಿದರು. ಯಾರೂ ಎದ್ದು ಕೆಲಸಕ್ಕೆ ಹೋಗಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಯಾರೂ ಯಾರ ಬೆನ್ನ ಹಿಂದೆಯೂ ನೋಡಲಿಲ್ಲ. ಸುಮ್ಮನೆ ಕಾದರು.

ಕೊಡುವವಳು ತಲೆ ಬಗ್ಗಿಸಿ ಕೂತಿದ್ದಳು. ಬಿಸಿಲು ಅವಳ ಪಾದದವರೆಗೆ ಬಂದಾಗ ಎದ್ದಳು. ಸೆರಗಿನ ಗಂಟು ಬಿಚ್ಚಿ, ಒಂದು ಮೊಟ್ಟೆ ಬುಟ್ಟಿಯಲ್ಲಿಟ್ಟಳು.

"ನಿನ್ನೆ," ಅಂದಳು. "ಮೂರನೇ ಮಂಚದ ಅಜ್ಜನ ಬಟ್ಟಲು ನಾಲ್ಕನೇ ಮಂಚದವರ ಬಾಯಿ ಹತ್ರ ಹೋಗಿತ್ತು. ಅವರು ಹೌದು ಅನ್ನಲಿಲ್ಲ. ಅದಕ್ಕೇ ನಿಲ್ಲಿಸಿದೆ."

ಅಂಗಳದ ಮೂಲೆಯಲ್ಲಿ ತಮಟೆ ಶುರುವಾಯಿತು. ಅವತ್ತು ಅವಳ ಮುಂದೆ ಸೇತುವೆಯವರೆಗೂ ಬಡಿದಿದ್ದ ಅದೇ ತಮಟೆ, ಅದೇ ಕೈ. ಅವಳು ಬೆಚ್ಚಿ ಹೆಗಲ ಮೇಲಿನ ವಸ್ತ್ರಕ್ಕೆ ಕೈ ಹಾಕಿದಳು, ತೆಗೆದಿಡುವವಳ ಹಾಗೆ. ಅರೆಯುವವಳು ಆ ಕೈಯನ್ನು ಮೆತ್ತಗೆ ಹಿಡಿದುಕೊಂಡು, ಗೆಳತಿಯ ಇನ್ನೊಂದು ಕೈಗೆ ಬುಟ್ಟಿ ಕೊಟ್ಟಳು.

"ಇವತ್ತು ಇರೋದೊಂದೇ," ಅಂದಳು. "ಮೂರನೇ ಮಂಚಕ್ಕೋ ನಾಲ್ಕನೇ ಮಂಚಕ್ಕೋ, ನೀನೇ ಕೇಳಿಕೊಂಡು ಕೊಡು."

ಕೊಡುವವಳು ಬುಟ್ಟಿ ಹಿಡಿದುಕೊಂಡು ಅಡುಗೆಮನೆಯ ಕಡೆ ನಡೆದಳು. ಮುಂದೆ ತಮಟೆಯವನು ಬಡಿಯುತ್ತಾ ಹೋದ. ಹಿಂದೆ ಎಲ್ಲರೂ ಹೋದರು.